ಒಂದು ಪುಟದ ಶಿಫಾರಸು

ಮೂರನೆಯ ದಿನ ಬೆಳಿಗ್ಗೆಯೂ ಪುಟ್ಟಯ್ಯ ಏನನ್ನೂ ಕೇಳಲಿಲ್ಲ. ವಿಶ್ವನಾಥ್ ಗೋಡೌನಿನ ಗೇಟಿನೊಳಗೆ ಬೈಕು ನಿಲ್ಲಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಚ್ಚುವುದರಲ್ಲಿ ಬೇಕೆಂದೇ ತಡಮಾಡಿ, ಒಬ್ಬ ಮನುಷ್ಯ ಹತ್ತಿರ ಬಂದು ಎರಡು ಮಾತು ಆಡುವುದಕ್ಕೆ ಎಷ್ಟು ಬೇಕೋ ಅಷ್ಟು ಹೊತ್ತು ಅಲ್ಲೇ ನಿಂತ. ಪುಟ್ಟಯ್ಯ ಚೀಲ ಎತ್ತುವ ಡೀಸೆಲ್ ಗಾಡಿಯ ಸೀಟನ್ನು ಹಿಂದಕ್ಕೆ ಮಗುಚಿ, ಅದರ ಕೆಳಗಿನ ಎಂಜಿನ್ನಿನಿಂದ ಆಯಿಲ್ ಕಡ್ಡಿ ಎಳೆದು, ಹಳೆಯ ಬನಿಯನ್ನಿನ ಚೂರಿನಲ್ಲಿ ಒರೆಸುತ್ತಿದ್ದ. ತಲೆಯೆತ್ತಿ ‘ನಮಸ್ಕಾರ ಸಾರ್’ ಎಂದ. ಹತ್ತೊಂಬತ್ತು ವರ್ಷ ಎಂಜಿನ್ನಿನ ಮೇಲೆಯೇ ಕೂತು ಕಿವಿ ಮಂದವಾಗಿದ್ದರಿಂದ ಅವನ ದನಿ ಯಾವಾಗಲೂ ಬೇಕಾದ್ದಕ್ಕಿಂತ ದೊಡ್ಡದು. ನಮಸ್ಕಾರವನ್ನೂ ಗದರಿಸಿದಂತೆ ಹೇಳುತ್ತಿದ್ದ. ಹೇಳಿ, ಮತ್ತೆ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡತೊಡಗಿದ. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ. ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯ ಮುಂದೆ ಜೋಡಿಸಿಟ್ಟುಕೊಂಡಿದ್ದ ಉತ್ತರ ಖರ್ಚಾಗದೆ ವಿಶ್ವನಾಥನ ಬಾಯಲ್ಲೇ ಉಳಿಯಿತು. ಅದು ಒಳ್ಳೆಯ ಉತ್ತರವಾಗಿತ್ತು. ಹೌದೆಂದೂ ಇಲ್ಲವೆಂದೂ ಹೇಳದೆ, ಕೇಳಿದವನನ್ನು ಇನ್ನೊಮ್ಮೆ ಕೇಳುವಂತೆ ಮಾಡುವ ಉತ್ತರ.

ಕೇಳುವುದಕ್ಕೆ ಕಾರಣವಿತ್ತು. ಕಡೂರಿನಿಂದ ಪಂಚನಹಳ್ಳಿಗೆ ಹೋಗುವ ರಸ್ತೆಯ ಈ ಕೊಬ್ಬರಿ ಗೋಡೌನಿನ ಯಜಮಾನರು ಚಂದ್ರಶೇಖರ, ಸ್ಟೋರ್‌ಕೀಪರ್ ವಿಶ್ವನಾಥನನ್ನು ಸೋಮವಾರ ಕರೆದು, ಚೀಲ ಎತ್ತುವ ಹಳೆಯ ಫೋರ್ಕ್‌ಲಿಫ್ಟಿನ ಎಂಜಿನ್ನು ಇನ್ನೊಂದು ಮಳೆಗಾಲ ತಡೆಯುವುದಿಲ್ಲ, ಹೊಸದು ಕೊಳ್ಳಬೇಕು ಎಂದು ಎರಡು ಕ್ಯಾಟಲಾಗ್ ಮೇಜಿನ ಮೇಲೆ ಹಾಕಿದ್ದರು. ಒಂದು ಡೀಸೆಲ್ಲಿನದು, ಇನ್ನೊಂದು ಬ್ಯಾಟರಿಯದು. ‘ಒಂದ್ ಪುಟ ಬರ್ಕೊಡಿ ವಿಶ್ವನಾಥ್. ಯಾವ್ದು ತಗೋಬೇಕು, ಯಾಕೆ ಅಂತ. ನೀವು ಓದ್ದೋರು, ನೀವ್ ಬರ್ದಿದ್ದಕ್ಕೆ ಸೈನ್ ಹಾಕ್ತೀನಿ.’ ಅದು ಬರೀ ಮಾತಾಗಿರಲಿಲ್ಲ. ಅವರಿಗೆ ತೋಟದ ಬೋರ್‌ವೆಲ್ಲಿನ ಚಿಂತೆ, ಕಿರಿಯ ಮಗಳ ಮದುವೆಯ ಓಡಾಟ, ಗಾಡಿ ಯಾವುದಾದರೂ ಸರಿ, ಈ ವಿಷಯ ಒಮ್ಮೆ ತೀರಿದರೆ ಸಾಕಾಗಿತ್ತು. ಏಳುವಾಗ ಇನ್ನೊಂದು ಮಾತು ಸೇರಿಸಿದ್ದರು. ಡೀಸೆಲ್ಲಿನದಾದರೆ ಪುಟ್ಟಯ್ಯನೇ ಓಡಿಸಲಿ. ಬ್ಯಾಟರಿಯದಾದರೆ ಓಡಿಸುವವರನ್ನೂ ಕಂಪನಿಯವರೇ ಕಾಂಟ್ರಾಕ್ಟಿನ ಮೇಲೆ ಕೊಡುತ್ತಾರಂತೆ, ಪುಟ್ಟಯ್ಯನನ್ನು ಕಳಿಸಿಬಿಡಬಹುದು. ಆಫೀಸಿನ ಗೋಡೆ ಬರಿ ಪ್ಲೈವುಡ್ಡಿನದು. ಅದರಾಚೆ ಕೊಬ್ಬರಿ ಆರಿಸುತ್ತ ಕೂತ ಹೆಂಗಸರಿಗೆ ಎಲ್ಲ ಕೇಳಿಸಿತ್ತು, ಮಧ್ಯಾಹ್ನದೊಳಗೆ ಪುಟ್ಟಯ್ಯನಿಗೂ ತಲುಪಿತ್ತು. ಅವನಿಗೆ ಐವತ್ತಮೂರು. ಹೋದ ವರ್ಷ ಹರ್ನಿಯಾ ಆಪರೇಷನ್ ಆಗಿ, ಚೀಲ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದರು. ಆ ಸೀಟು ಹೋದರೆ ಅವನಿಗೆ ಗೋಡೌನಿನಲ್ಲಿ ನಿಲ್ಲುವುದಕ್ಕೆ ಜಾಗವಿಲ್ಲ. ಹಾಗಿದ್ದೂ ಅವನು ಬೆಳಿಗ್ಗೆ ಅಜ್ಜಂಪುರದಿಂದ ರೈಲಿಗೆ ಬಂದು, ಆಯಿಲ್ ನೋಡಿ, ಗಾಡಿಯಲ್ಲಿ ಚೀಲ ಎತ್ತಿ, ಇಳಿಸಿ, ಸಂಜೆ ರೈಲಿಗೆ ಹೋಗುತ್ತಿದ್ದ, ಯಾರೋ ಬೇರೆಯವರ ವಿಷಯವೆಂಬಂತೆ.

ಮೇಜಿನ ಮುಂದೆ ಕೂತು ವಿಶ್ವನಾಥ್ ಹಾಳೆಯ ನಡುವೆ ಎಳೆದಿದ್ದ ಗೀಟನ್ನು ನೋಡಿದ. ಎಡಕ್ಕೆ ಡೀಸೆಲ್, ಬಲಕ್ಕೆ ಬ್ಯಾಟರಿ. ಡೀಸೆಲ್ಲಿನ ಹೊಗೆ ಮುಚ್ಚಿದ ಗೋಡೌನಿನಲ್ಲಿ ನಿಲ್ಲುತ್ತದೆ, ಕೊಬ್ಬರಿ ಆ ವಾಸನೆ ಹೀರುತ್ತದೆ, ಹೋದ ಮಳೆಗಾಲದಲ್ಲಿ ಒಂದು ಲೋಡು ವಾಪಸು ಬಂದಿತ್ತು. ಆದರೆ ಹಿಂದಿನ ಅಂಗಳ ತುಂಬ ಗುಂಡಿ, ಮಳೆ ಬಂದರೆ ಮೊಣಕಾಲುದ್ದ ನೀರು. ಅಲ್ಲಿ ಬ್ಯಾಟರಿ ಗಾಡಿ ಇಳಿಸಬೇಡಿ ಎಂದು ಅದನ್ನು ಮಾರುವವರೇ ಹೇಳುತ್ತಿದ್ದರು. ಬ್ಯಾಟರಿ ಎಂಟು ಗಂಟೆ ಚಾರ್ಜಾಗಬೇಕು. ಇಲ್ಲಿ ಕರೆಂಟು ತನಗೆ ತೋಚಿದಾಗ ಬಂದು ಹೋಗುತ್ತದೆ. ಡೀಸೆಲ್ ಗಾಡಿ ಕೆಟ್ಟರೆ ಬೀರೂರಿನ ಮೆಕ್ಯಾನಿಕ್ಕು ಮಾತಾಡುತ್ತಲೇ ಸರಿಮಾಡುತ್ತಾನೆ. ಬ್ಯಾಟರಿಯದು ಕೆಟ್ಟರೆ ತುಮಕೂರಿನಿಂದ ಲ್ಯಾಪ್‌ಟಾಪು ಹಿಡಿದವರು ಬರಬೇಕು. ಆದರೆ ಅದು ಕೆಡುವುದೇ ಕಡಿಮೆ. ಎಡಕ್ಕೊಂದು ಬರೆದರೆ ಬಲಕ್ಕೊಂದು ಹುಟ್ಟುತ್ತಿತ್ತು. ಮೊದಲ ದಿನ ಸಂಜೆಯೇ ಅವನಿಗೆ ಗೊತ್ತಾಗಿತ್ತು, ಎರಡೂ ಸಮ ಎಂದು. ಒಂದು ಹೆಚ್ಚಾಗಿದ್ದರೆ ಅವನು ಬರೀ ಬರೆಯುವವನಾಗಿರುತ್ತಿದ್ದ. ಸಮವಾದ್ದರಿಂದ, ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಇನ್ನೊಬ್ಬ ಮನುಷ್ಯನ ಅನ್ನ ತನ್ನ ಪೆನ್ನಿನ ತುದಿಯಲ್ಲಿ ಅಲ್ಲಾಡುತ್ತಿತ್ತು. ಅದರಿಂದ ಹೆದರಿಕೆಯಾಗಬೇಕಿತ್ತು. ಆದದ್ದು ಹೆದರಿಕೆಯಲ್ಲ. ಸೋಮವಾರ ರಾತ್ರಿ ಅವನು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಿದ್ದ. ಒಂದೇ ಒಂದು ಮಾತು ಸಾಕಿತ್ತು. ಪುಟ್ಟಯ್ಯ ಬಾಗಿಲ ಹತ್ತಿರ ಬಂದು, ಟವೆಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡು, ‘ಸಾರ್, ನನ್ ವಿಷ್ಯ ಸ್ವಲ್ಪ’ ಎಂದರೆ ಸಾಕು, ಡೀಸೆಲ್ಲಿನ ಕೆಳಗೆ ಗೀಟು ಹಾಕಿ ಮುಗಿಸಿಬಿಡುತ್ತಿದ್ದ. ಹಾಗೆಂದು ಅವನು ತನಗೇ ಹೇಳಿಕೊಂಡ. ನಿಜವಾಗಿಯೂ ಹಾಗೆ ಮಾಡುತ್ತಿದ್ದೆನೇ ಎಂದು ಯೋಚಿಸುವುದರೊಳಗೆ ಹೊರಗೆ ಡೀಸೆಲ್ ಗಾಡಿ ಶುರುವಾಗಿ, ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ನಡುಗಿತು.

ಆ ನಡುಕ ಕಾಲಿನೊಳಗೂ ಬರುತ್ತಿತ್ತು, ಅವತ್ತು ಗಾಡಿಯ ಹಲಗೆಯ ಮೇಲೆ ನಿಂತು ಏರುವಾಗ ಬಂದ ಹಾಗೆಯೇ. ಆರು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ವಾರ, ಮೇಲಿನ ಸಾಲಿನ ಚೀಲ ಎಣಿಸಬೇಕು ಬನ್ನಿ ಸಾರ್ ಎಂದು ಪುಟ್ಟಯ್ಯ ಅವನನ್ನು ಮರದ ಹಲಗೆಯ ಮೇಲೆ ನಿಲ್ಲಿಸಿ, ಹದಿನಾಲ್ಕು ಅಡಿ ಎತ್ತಿ, ಎಂಜಿನ್ ಆರಿಸಿ, ಇಳಿದು ಹೋಗಿಬಿಟ್ಟಿದ್ದ. ಗೋಡೌನಿಗೆ ಹೊಸಬರು ಯಾರು ಬಂದರೂ ಹಾಗೆ ಮಾಡುವುದು ವಾಡಿಕೆ. ಮೇಲಿರುವವನು ಎಲ್ಲರಿಗೂ ಟೀ ಕೊಡಿಸುತ್ತೇನೆ ಎಂದು ಕೂಗಬೇಕು. ಕೂಗಿದರೆ ಇಳಿಸುತ್ತಾರೆ, ನಗುತ್ತಾರೆ, ಅಲ್ಲಿಂದಾಚೆ ಅವನು ಗೋಡೌನಿನವನು. ಯಜಮಾನರ ಅಳಿಯನನ್ನೇ ಹಾಗೆ ಎತ್ತಿ ಟೀ ಜೊತೆ ಬೋಂಡವನ್ನೂ ಹೇಳಿಸಿದ್ದರಂತೆ. ವಿಶ್ವನಾಥನಿಗೆ ಇದು ಗೊತ್ತಿರಲಿಲ್ಲ. ಕೆಳಗೆ ಹೆಂಗಸರು ಮೇಲೆ ನೋಡಿ ನಗುತ್ತಿದ್ದರು, ‘ಏನ್ ಕಾಣ್ತದೆ ಸಾರು, ಕಡೂರ್ ಸ್ಟೇಷನ್ ಕಾಣ್ತದಾ’ ಎಂದು ಅವರಲ್ಲೊಬ್ಬಳು ಹನುಮಂತಮ್ಮ ಕೇಳುತ್ತಿದ್ದಳು, ಅವನಿಗೆ ತನ್ನ ಯಾವುದೋ ಗುಟ್ಟು ಇವರಿಗೆಲ್ಲ ತಿಳಿದುಹೋಗಿದೆ ಎನ್ನಿಸಿತು. ಕಾಲ ಕೆಳಗಿನ ಹಲಗೆಯ ಸಂದಿಯಲ್ಲಿ ನೆಲ ಕಂಡಿತು. ‘ಪುಟ್ಟಯ್ಯನೋರೆ’ ಎಂದು ಕೂಗಿದ, ಮತ್ತೆ ಕೂಗಿದ, ಮೂರನೆಯ ಸಲ ದನಿ ಹೊರಡಲಿಲ್ಲ. ಆಮೇಲೆ ಪ್ಯಾಂಟಿನೊಳಗೆ ಬೆಚ್ಚಗಾಗಿ, ತೊಡೆಗುಂಟ ಇಳಿದು, ಹಲಗೆಯ ಸಂದಿಯಿಂದ ಗಾಡಿಯ ಕಬ್ಬಿಣದ ಮೇಲೆ ತೊಟ್ಟಿಕ್ಕಿತು. ಅದನ್ನು ಕಂಡದ್ದು, ಅಷ್ಟರಲ್ಲಿ ಗಾಡಿಯ ಹತ್ತಿರ ಬಂದಿದ್ದ ಪುಟ್ಟಯ್ಯ ಒಬ್ಬನೇ. ಲಾರಿ ಬಂತು ನಡೀರಿ ಎಂದು ಸುಳ್ಳು ಹೇಳಿ ಹೆಂಗಸರನ್ನೆಲ್ಲ ಹೊರಗೆ ಅಟ್ಟಿದ. ಇಳಿಸಿ, ಒಂದು ಖಾಲಿ ಚೀಲ ಕೊಟ್ಟು ಸುತ್ತಿಕೊಳ್ಳಿ ಎಂದ. ಒಂದು ಬಕೆಟ್ಟು ನೀರು ಸುರಿದು, ರೇಡಿಯೇಟರ್ ಸೋರಿದೆ ಎಂದು ಕೂಗಿ ಹೇಳಿದ. ಮತ್ತೆ ಆರು ವರ್ಷ ಆ ಮಾತು ಎತ್ತಲಿಲ್ಲ. ಕುಡಿದಾಗ ಕೂಡ, ಜಗಳವಾದಾಗ ಕೂಡ. ಒಂದು ಸಲ ಹೇಳಿ ನಕ್ಕುಬಿಟ್ಟಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಹೇಳದೆ ಇಟ್ಟುಕೊಂಡದ್ದರಿಂದ ಅದು ದಿನಾ ಬೆಳಿಗ್ಗೆ ‘ನಮಸ್ಕಾರ ಸಾರ್’ ಎನ್ನುವಾಗ ಅವನ ಕಣ್ಣಿನ ಹಿಂದೆ ಇರುತ್ತಿತ್ತು. ಆ ತಿಂಗಳಿಂದಲೇ ವಿಶ್ವನಾಥ್ ತನಗಿಂತ ಹತ್ತೊಂಬತ್ತು ವರ್ಷ ದೊಡ್ಡವನನ್ನು ‘ನೀನು’ ಎನ್ನತೊಡಗಿದ. ಯಾರೂ ಗಮನಿಸಲಿಲ್ಲ. ಅದುವರೆಗೆ ಅಲ್ಲಿ ಪುಟ್ಟಯ್ಯನನ್ನು ಬಹುವಚನದಲ್ಲಿ ಕರೆಯುತ್ತಿದ್ದವನೇ ಅವನೊಬ್ಬ.

ಹೊರಗೆ ಬಂದಾಗ ತುಮಕೂರಿನ ಕಂಪನಿಯ ಮಹೇಂದ್ರ ಬ್ಯಾಟರಿ ಗಾಡಿಯ ಪಕ್ಕ ಇಸ್ತ್ರಿ ಅಂಗಿಯಲ್ಲಿ ನಿಂತಿದ್ದ. ಮೂರು ದಿನ ಇಟ್ಟುಕೊಂಡು ನೋಡಿ ಎಂದು ಲಾರಿಯ ಮೇಲೆ ತಂದು ಇಳಿಸಿದ್ದ ಗಾಡಿ, ಇವತ್ತೇ ಕೊನೆ. ಎರಡು ದಿನವೂ ಅವನೇ ಓಡಿಸಿ ತೋರಿಸಿದ್ದ. ‘ಇರುವೆ ಹರ್ದಷ್ಟೂ ಸದ್ದಿಲ್ಲ ನೋಡಿ’ ಎನ್ನುತ್ತಿದ್ದ. ಅದು ನಿಜ. ಬೆಳ್ಳಗಿನ, ಹೊಸ ಪ್ಲಾಸ್ಟಿಕ್ಕಿನ ವಾಸನೆಯ ಆ ಗಾಡಿ ಎರಡು ಟನ್ನು ಹೊತ್ತು ಬರಿಗಾಲಿನವರಂತೆ ಬರುತ್ತಿತ್ತು. ವಿಶ್ವನಾಥ್ ಪ್ಯಾಡು ಹಿಡಿದು ಅದರ ಸುತ್ತ ಒಂದು ಸುತ್ತು ಬಂದು ಏನೋ ಗುರುತು ಹಾಕಿಕೊಂಡ. ‘ಸಾರು ನೋಡೋದ್ ನೋಡ್ರೇ,’ ಎಂದಳು ಹನುಮಂತಮ್ಮ, ‘ಹೆಣ್ ನೋಡಕ್ ಬಂದಂಗೆ. ಹಲ್ಲೂ ಎಣಿಸ್ಬಿಡಿ ಸಾರು.’ ಹೆಂಗಸರು ನಕ್ಕರು. ಅವನೂ ನಕ್ಕ, ನಗು ಮುಖದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

ಈ ಹೆಂಗಸರು ಕೊಬ್ಬರಿ ಆರಿಸುತ್ತ ಕೂರುವುದು ಚೀಲದ ಸಾಲುಗಳ ನಡುವಿನ ದಾರಿಯಲ್ಲೇ. ಬೆಳಕು ಬೀಳುವುದು ಅಲ್ಲಿ ಮಾತ್ರ. ಗಾಡಿ ಬರುವ ಕಡೆಗೆ ಬೆನ್ನು ಕೊಟ್ಟು, ಒಂದು ಕಾಲು ಮಡಿಸಿ, ಇನ್ನೊಂದನ್ನು ದಾರಿಗೆ ಚಾಚಿ ಕೂರುತ್ತಾರೆ. ಡೀಸೆಲ್ ಗಾಡಿ ತಿರುವಿನಲ್ಲಿ ಗುಡುಗಿದ ಕೂಡಲೇ ಯಾರೂ ತಿರುಗಿ ನೋಡದೆ, ಮಾತೂ ನಿಲ್ಲಿಸದೆ, ಆ ಕಾಲುಗಳೆಲ್ಲ ಸಾಲಾಗಿ ಒಳಗೆ ಸರಿಯುತ್ತವೆ. ಗಾಡಿ ಹೋದ ಮೇಲೆ ಮತ್ತೆ ಹೊರಗೆ ಬರುತ್ತವೆ. ಪುಟ್ಟಯ್ಯ ಹತ್ತೊಂಬತ್ತು ವರ್ಷದಲ್ಲಿ ಹಾರನ್ ಒತ್ತಿದವನಲ್ಲ. ಒತ್ತುವ ಪ್ರಮೇಯವೇ ಬಂದಿರಲಿಲ್ಲ, ಆ ಗಾಡಿಯಲ್ಲಿ ಹಾರನ್ನಿನ ತಂತಿ ಕಿತ್ತುಹೋಗಿಯೇ ಎಷ್ಟೋ ವರ್ಷವಾಗಿತ್ತು. ಮೊದಲ ದಿನ ಮಹೇಂದ್ರ ಬ್ಯಾಟರಿ ಗಾಡಿ ತಂದಾಗ ಕಾಲುಗಳು ಸರಿಯಲಿಲ್ಲ. ಅವನು ಹಾರನ್ ಒತ್ತಿದ, ಹೆಂಗಸರು ಬೆಚ್ಚಿ ಎದ್ದರು, ಬೈದರು. ವಿಶ್ವನಾಥ್ ಅದನ್ನು ನೋಡಿದ್ದ. ಎರಡನೆಯ ದಿನವೂ ನೋಡಿದ. ಇದನ್ನು ಬರೆಯಬೇಕು ಎಂದುಕೊಂಡ, ಯಾವ ಕಡೆ ಬರೆಯಬೇಕೆಂದು ತಿಳಿಯದೆ ಬಿಟ್ಟ. ‘ಸದ್ದಿಲ್ಲ’ ಎಂಬುದನ್ನು ಆಗಲೇ ಬಲಗಡೆ ಅನುಕೂಲವೆಂದು ಬರೆದಾಗಿತ್ತು. ಪುಟ್ಟಯ್ಯನಿಗೆ ಹೇಳಬೇಕು ಎಂದೂ ಒಮ್ಮೆ ಅನ್ನಿಸಿತ್ತು. ಆದರೆ ಮೊದಲು ಅವನು ಮಾತಾಡಲಿ.

ಹನ್ನೊಂದು ಗಂಟೆಗೆ ಮಹೇಂದ್ರ, ನಿಮ್ಮ ಆಪರೇಟರ್ ಕೈಲೂ ಒಂದು ರೌಂಡು ಓಡಿಸಿ ನೋಡಿ ಸಾರ್, ಎಂದ. ಪುಟ್ಟಯ್ಯ ಬೇಡವೆಂಬಂತೆ ಕೈಯಾಡಿಸಿ ತನ್ನ ಗಾಡಿಯ ಕಡೆ ಹೊರಟಿದ್ದ. ‘ಹತ್ತು ಪುಟ್ಟಯ್ಯ,’ ಎಂದ ವಿಶ್ವನಾಥ್. ‘ನಂಗ್ಯಾಕ್ ಸಾರ್ ಅದು,’ ಎಂದು ಪುಟ್ಟಯ್ಯ ಮೂರು ದಿನದಲ್ಲಿ ಮೊದಲ ಸಲ ಅವನ ಮುಖ ನೇರವಾಗಿ ನೋಡಿದ. ಅಲ್ಲಿ ಏನೋ ಇತ್ತು, ಕೇಳಿಕೆಗೆ ತೀರ ಹತ್ತಿರವಾದದ್ದು. ಇನ್ನೊಂದು ಗಳಿಗೆ ಕಾದಿದ್ದರೆ ಮಾತಾಗಿ ಬರುತ್ತಿತ್ತೋ ಏನೋ. ‘ಹತ್ತು ಅಂದ್ನಲ್ಲ. ಬಂದ್ರೆ ಬಂತು, ಬರ್ಲಿಲ್ಲ ಅಂದ್ರೆ ಬರಲ್ಲ ಅಂತ ಬರ್ಕೋತೀನಿ.’ ಪುಟ್ಟಯ್ಯ ಚಪ್ಪಲಿ ಬಿಟ್ಟು ಹತ್ತಿದ. ಮಹೇಂದ್ರ ಪೆಡಲು ತೋರಿಸಿದ, ಹಿಂದಕ್ಕೆ ಮುಂದಕ್ಕೆ ಹೋಗುವ ಗುಂಡಿ ತೋರಿಸಿದ. ಹಾರನ್ ತೋರಿಸಿದನೋ ಇಲ್ಲವೋ ಆಮೇಲೆ ಯಾರಿಗೂ ನೆನಪಾಗಲಿಲ್ಲ. ಎಂಟು ಚೀಲದ ಹಲಗೆ ಎತ್ತಿಕೊಂಡು ಪುಟ್ಟಯ್ಯ ಮುಂದಿನ ಅಂಗಳದಲ್ಲಿ ಒಂದು ಸುತ್ತು ಬಂದ; ಚೆನ್ನಾಗಿಯೇ ಬಂದ, ಕೈಯಲ್ಲಿ ಹಳೆಯ ಹಿಡಿತವಿತ್ತು, ಮಹೇಂದ್ರ ಭೇಷ್ ಎಂದ. ಆಮೇಲೆ ಒಳಗೆ ತಿರುಗಿಸಿದ. ವಿಶ್ವನಾಥ್ ಪ್ಯಾಡು ಹಿಡಿದು ದಾರಿಯ ಇನ್ನೊಂದು ತುದಿಯಲ್ಲಿ ನಿಂತಿದ್ದ. ಬೆಳ್ಳಗಿನ ಗಾಡಿ ನೆರಳಿನೊಳಗಿನಿಂದ ಬಂತು. ಎತ್ತಿದ ಚೀಲಗಳ ಮೇಲಿನಿಂದ ದೂರ ನೋಡುತ್ತ ಕೂತ ಪುಟ್ಟಯ್ಯನ ಮುಖ ಕಂಡಿತು. ಅವನ ದಾರಿಯಲ್ಲಿ ಕಾಲುಗಳಿರುವುದಿಲ್ಲ, ಎಂದೂ ಇದ್ದದ್ದಿಲ್ಲ. ಅವನು ಕಾಣುವ ಹೊತ್ತಿಗೆ ಅವು ಸರಿದಿರುತ್ತಿದ್ದವು. ಕೆಳಗೆ ಒಂಬತ್ತು ಕಾಲು ಚಾಚಿದ್ದವು. ಹನುಮಂತಮ್ಮ ಯಾರದೋ ಸೊಸೆಯ ಸುದ್ದಿ ಹೇಳುತ್ತಿದ್ದಳು, ಅವಳ ಕಾಲುಂಗುರ ಹೊಳೆಯುತ್ತಿತ್ತು. ಗಾಡಿ ಇಪ್ಪತ್ತು ಅಡಿ ದೂರ ಇತ್ತು, ಹದಿನೈದು. ವಿಶ್ವನಾಥ್ ಬಾಯಿ ತೆರೆದ. ತೆರೆದದ್ದು ಅವನಿಗೆ ನೆನಪಿದೆ, ಬಾಯೊಳಗೆ ಕೊಬ್ಬರಿಯ ಧೂಳು ತಾಗಿದ್ದು ನೆನಪಿದೆ. ಕೂಗಬೇಕಾದ ಮಾತು ಒಂದೇ ಅಕ್ಷರದ್ದು. ಆದರೆ ಅವನು ಕೂಗುವ ಬದಲು ನೋಡಿದ. ಏನಾಗುತ್ತದೆ ನೋಡೋಣ ಎಂದು ಅವನ ಒಳಗೆ ಯಾರೋ ಪ್ಯಾಡಿನ ಮೇಲೆ ಪೆನ್ನು ಹಿಡಿದು ತಣ್ಣಗೆ ಕೂತಿದ್ದರು. ಬಹುಶಃ ಅವಳು ಎಳೆದುಕೊಳ್ಳುತ್ತಾಳೆ. ಬಹುಶಃ ಅವನು ನಿಲ್ಲಿಸುತ್ತಾನೆ. ಎರಡು ಸೆಕೆಂಡಿಗಿಂತ ಹೆಚ್ಚಿರಲಾರದು. ಅಷ್ಟರಲ್ಲಿ ಇಷ್ಟೆಲ್ಲ ಯೋಚಿಸುವುದಕ್ಕೆ ಸಮಯವಿತ್ತು ಎಂಬುದೇ ಆಮೇಲೆ ಅವನನ್ನು ಹೇಸಿಗೆಗೊಳಿಸಿತು.

ಸದ್ದು ಆಗ ಬಂತು, ಗಾಡಿಯದಲ್ಲ. ಹನುಮಂತಮ್ಮನ ಎಡಗಾಲಿನ ಮೂರು ಬೆರಳು ಚಕ್ರದ ಕೆಳಗಿದ್ದವು. ಪುಟ್ಟಯ್ಯ ಹಾರಿ ಇಳಿದು, ಅವಳ ಪಾದವನ್ನು ತನ್ನ ಟವೆಲಿನಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು, ‘ಕಾಣ್ಲಿಲ್ಲ ಕಣಕ್ಕ, ಕಾಣ್ಲಿಲ್ಲ’ ಎಂದು ತನ್ನ ದೊಡ್ಡ ದನಿಯಲ್ಲಿ ಹೇಳುತ್ತಲೇ ಇದ್ದ. ಟವೆಲು ಕೆಂಪಾಯಿತು. ಆಟೊ ಬಂತು, ನಾಲ್ಕು ಜನ ಎತ್ತಿ ಕೂರಿಸಿದರು. ನೋವಿನಲ್ಲಿ ತುಟಿ ಬಿಳಿಚಿದ್ದರೂ ಹನುಮಂತಮ್ಮ ಆಟೊದೊಳಗಿಂದ, ‘ಪುಟ್ಟಣ್ಣನ ಯಾರೂ ಅನ್ಬ್ಯಾಡ್ರಿ. ಅದು ಬಂದಿದ್ದೇ ಗೊತ್ತಾಗ್ಲಿಲ್ಲ ನಂಗೆ,’ ಎಂದಳು. ಆಮೇಲೆ ವಿಶ್ವನಾಥನ ಕಡೆ ನೋಡಿದಳು, ಅಥವಾ ನೋಡಿದಳೆಂದು ಅವನಿಗೆ ಅನ್ನಿಸಿತು. ಆಟೊ ಹೋದ ಮೇಲೆ ಒಬ್ಬಳು ನೆಲಕ್ಕೆ ನೀರು ಹಾಕಿ ಪೊರಕೆಯಿಂದ ಗುಡಿಸಿದಳು, ರಕ್ತ ತಾಗಿದ ಕೊಬ್ಬರಿಯನ್ನು ಬೇರೆ ಮಾಡಿದಳು. ಮಹೇಂದ್ರನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅವನು ವಿಶ್ವನಾಥನನ್ನು ಲಾರಿಯ ಮರೆಗೆ ಕರೆದು, ಗಾಡಿಯದೇನೂ ದೋಷವಿಲ್ಲ ಸಾರ್, ಓಡಿಸೋರ ತಪ್ಪು ಅಂತ ನಿಮಗೂ ಗೊತ್ತು, ನನಗೆ ಮನೆಯಲ್ಲಿ ಸಣ್ಣ ಮಕ್ಕಳಿದಾರೆ, ಎಂದು ಕೈ ಹಿಡಿದುಕೊಂಡ. ಆ ಕೈಯ ಬೆವರು ವಿಶ್ವನಾಥನಿಗೆ ಹಿತವಾಗಿತ್ತು. ಅಂತೂ ಯಾರೋ ಕೇಳಿದರು. ಕೇಳಬೇಕಾದವನು ಮಾತ್ರ ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕೂತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ.

ಯಜಮಾನರು ಆಸ್ಪತ್ರೆಗೆ ಹೋಗಿ ನೇರ ಗೋಡೌನಿಗೆ ಬಂದರು. ಎರಡು ಬೆರಳು ತೆಗೆಯಬೇಕಾಗುತ್ತದಂತೆ. ಕಾರಿನಿಂದ ಇಳಿಯುವ ಮೊದಲೇ, ‘ಯಾರ್ ಓಡಿಸ್ತಿದ್ದಿದ್ದು?’ ಎಂದರು. ‘ಪುಟ್ಟಯ್ಯ,’ ಎಂದ ವಿಶ್ವನಾಥ್. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಾರು ಹತ್ತಿಸಿದ್ದು ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದ. ಹಾಗೆಂದುಕೊಂಡ. ಯಜಮಾನರು ನೆತ್ತಿ ಒತ್ತಿಕೊಂಡು, ಸಂಜೆಯೊಳಗೆ ಆ ಒಂದು ಪುಟ ಕೊಟ್ಟುಬಿಡಿ, ಇವತ್ತಿಗೆ ಇದು ಮುಗಿಯಲಿ, ಎಂದು ಆಫೀಸಿನೊಳಗೆ ಹೋಗಿ ಫೋನು ಹಿಡಿದರು. ಮಧ್ಯಾಹ್ನ ಊಟದ ಬಾಕ್ಸು ಯಾರೂ ಬಿಚ್ಚಲಿಲ್ಲ. ವಿಶ್ವನಾಥ್ ಮಾತ್ರ ಲಾರಿ ತೂಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಚಿತ್ರಾನ್ನ ತಿಂದ, ತಿನ್ನುವಾಗ ತನ್ನ ಅಗಿಯುವ ಸದ್ದು ಕೇಳಿಸಿಕೊಂಡು ನಿಲ್ಲಿಸಿದ, ಮತ್ತೆ ತಿಂದ. ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಪುಟ್ಟಯ್ಯ ಅಲ್ಲಿ ಟವೆಲು ಹಿಂಡುತ್ತಿದ್ದ. ನೀರು ಇನ್ನೂ ಗುಲಾಬಿ ಬಣ್ಣಕ್ಕಿತ್ತು. ಈಗ ಆ ಮಾತು ಬರುತ್ತದೆ ಎಂದು ವಿಶ್ವನಾಥ್ ನಲ್ಲಿಯ ಹತ್ತಿರವೇ ನಿಂತ. ಕೈ ತೊಳೆದದ್ದನ್ನೇ ಮತ್ತೆ ತೊಳೆದ. ಪುಟ್ಟಯ್ಯ ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ. ‘ನೀವು ಆ ಕಡೆ ತುದೀಲಿ ನಿಂತು ನೋಡ್ತಿದ್ರಲ್ಲ ಸಾರ್,’ ಎಂದ. ‘ನೋಡಿದ್ದನ್ನ ಬರ್ದ್ಬಿಡಿ. ಅಷ್ಟ್ ಸಾಕು.’ ಹೇಳಿ, ಹೊರಟುಹೋದ. ಅದು ಬೇಡಿಕೆಯೇ? ಬೇಡುವವನ ದನಿ ಅದಾಗಿರಲಿಲ್ಲ, ನಂಬಿದವನದಾಗಿತ್ತು. ಬೇಡಿದ್ದರೆ ಕೊಡಬಹುದಾಗಿತ್ತು. ನಂಬಿದವನಿಗೆ ಕೊಡುವುದಕ್ಕೆ ಏನಿರುತ್ತದೆ? ಅದಲ್ಲದೆ, ನೋಡ್ತಿದ್ರಲ್ಲ ಎಂದ. ತುದಿಯಲ್ಲಿ ನಿಂತದ್ದು ಅವನಿಗೆ ಕಂಡಿತ್ತು. ಬಾಯಿ ತೆರೆದು ನಿಂತದ್ದೂ ಕಂಡಿರಬೇಕು. ಅವನು ಅದನ್ನೂ ತನ್ನ ಬಳಿ ಇಟ್ಟುಕೊಳ್ಳುತ್ತಾನೆ, ಯಾರಿಗೂ ಹೇಳುವುದಿಲ್ಲ, ಇನ್ನು ಆರು ವರ್ಷ, ಹತ್ತು ವರ್ಷ, ದಿನಾ ಬೆಳಿಗ್ಗೆ ಗದರಿಸಿದಂತೆ ನಮಸ್ಕಾರ ಹೇಳುತ್ತಾನೆ. ನಲ್ಲಿಯ ನೀರು ಹಾಗೇ ಹರಿಯುತ್ತಿತ್ತು. ಏನು ಬರೆಯಬೇಕೆಂಬುದು ವಿಶ್ವನಾಥನಿಗೆ ತಟ್ಟನೆ ಸ್ಪಷ್ಟವಾಯಿತು, ಹಸಿವಾದಾಗ ಅನ್ನ ನೆನಪಾಗುವಷ್ಟು ಸಲೀಸಾಗಿ.

ತರೀಕೆರೆಯಿಂದ ಬಸ್ಸಿನಲ್ಲಿ ಬರುವ ಸೌಮ್ಯ ಆಫೀಸಿನಲ್ಲಿ ಟೈಪು ಮಾಡುತ್ತಾಳೆ. ಅವನು ಪಕ್ಕದಲ್ಲಿ ನಿಂತು ಹೇಳಿದ, ಅವಳು ಹೊಡೆದಳು. ಹೊಗೆಯಿಲ್ಲ, ಸದ್ದಿಲ್ಲ, ಸರಕು ಕೆಡುವುದಿಲ್ಲ. ಹಿಂದಿನ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದರೆ ಬ್ಯಾಟರಿ ಯಂತ್ರವೇ ಎಲ್ಲ ರೀತಿಯಲ್ಲೂ ಸೂಕ್ತ. ವಾಕ್ಯಗಳು ಒಂದರ ಹಿಂದೊಂದು ಚೆನ್ನಾಗಿ ಬಂದವು, ಎಂ.ಎ. ಪರೀಕ್ಷೆಯಲ್ಲಿ ಬರೆದಂತೆ. ‘ಇಂದಿನ ಅಪಘಾತಕ್ಕೆ ಯಂತ್ರ ಕಾರಣವಲ್ಲ. ಈ ಯಂತ್ರಕ್ಕೆ ಎಚ್ಚರವಿರುವ, ಕಿವಿ ಕೇಳುವ ಚಾಲಕ ಬೇಕು. ಸದ್ಯದ ಚಾಲಕನಲ್ಲಿ ಎರಡೂ ಇಲ್ಲ.’ ಸೌಮ್ಯಳ ಬೆರಳು ನಿಂತವು. ಅವಳು ಪರದೆಯಿಂದ ಕಣ್ಣು ತೆಗೆಯದೆ, ‘ಹಾರನ್ ಒತ್ಬೇಕು ಅಂತ ಪುಟ್ಟಯ್ಯಣ್ಣಂಗೆ ಯಾರೂ ಹೇಳಿರ್ಲಿಲ್ಲ ಅಲ್ವಾ ಸಾರ್,’ ಎಂದಳು. ‘ನಾನ್ ಹೇಳಿದಷ್ಟು ಹೊಡಿಯಮ್ಮ.’ ಅವಳು ಹೊಡೆದಳು. ಪ್ರಿಂಟರಿನಿಂದ ಹಾಳೆ ಬೆಚ್ಚಗೆ ಬಂತು. ಯಜಮಾನರು ನಿಂತಲ್ಲೇ ಓದಿ, ‘ಎರಡೂ ಇಲ್ಲ’ ಎಂಬಲ್ಲಿ ಒಮ್ಮೆ ತಲೆದೂಗಿ, ಸಹಿ ಹಾಕಿದರು. ಮಹೇಂದ್ರ ಅವರ ಕಾಲು ಮುಟ್ಟುವುದೊಂದು ಬಾಕಿ. ಕಾರು ಹತ್ತುವಾಗ ಯಜಮಾನರು, ‘ಅವನಿಗೆ ನೀವೇ ಹೇಳ್ಬಿಡಿ ವಿಶ್ವನಾಥ್.  ಹತ್ತೊಂಬತ್ ವರ್ಷ ಇದ್ದೋನು, ನಂಗ್ ಬಾಯ್ ಬರಲ್ಲ,’ ಎಂದು ಹೋದರು.

ಐದು ಗಂಟೆಗೆ ಪುಟ್ಟಯ್ಯ ಕೊನೆಯ ಸಾಲು ಎತ್ತಿಟ್ಟು ಡೀಸೆಲ್ ಗಾಡಿಯನ್ನು ಶೀಟಿನ ಕೆಳಗೆ ತಂದು ನಿಲ್ಲಿಸುತ್ತಿದ್ದ. ಎಂಜಿನ್ ಆರುವ ತನಕ ವಿಶ್ವನಾಥ್ ಕಾದ. ‘ಯಜಮಾನ್ರು ಬ್ಯಾಟರಿದೇ ಅಂದ್ಬಿಟ್ರು ಪುಟ್ಟಯ್ಯ. ಈ ತಿಂಗ್ಳು ಕೊನೇವರ್ಗೂ ಬಾ ಅಂದಿದಾರೆ.’ ಪುಟ್ಟಯ್ಯ ಸ್ಟೇರಿಂಗಿನ ಮೇಲಿನ ಕೈ ತೆಗೆಯಲಿಲ್ಲ. ‘ನೀವು ಬರ್ಕೊಟ್ರಾ ಸಾರ್,’ ಎಂದ. ‘ಕೊಟ್ಟೆ.’ ‘ನೋಡಿದ್ದು ನೋಡ್ದಂಗೆ?’ ‘ಹೂಂ.’ ಅದು ಬಹಳ ಸುಲಭವಾಗಿ ಬಂತು. ಪುಟ್ಟಯ್ಯ ತಲೆಯಾಡಿಸಿದ. ಸೆರಗಿನ ಧೂಳು ಕೊಡವುತ್ತ ನಿಂತಿದ್ದ ಹೆಂಗಸರ ಕಡೆ ತಿರುಗಿ, ‘ಸಾರ್ ಇದ್ದಿದ್ದು ಇದ್ದಂಗೆ ಬರ್ದಿದ್ರಂತೆ ಕಣ್ರವ್ವ. ಯಜಮಾನ್ರು ಒಪ್ಲಿಲ್ಲ. ಪಾಪ, ಅವ್ರೇನ್ ಮಾಡಕ್ಕಾಯ್ತದೆ,’ ಎಂದ. ಗೋಡೌನಿನ ಕಬ್ಬಿಣದ ತೊಲೆಗಳಲ್ಲಿ ಆ ಮಾತು ಒಂದು ಸುತ್ತು ಹೊಡೆಯಿತು. ಹೆಂಗಸರು ವಿಶ್ವನಾಥನನ್ನು ನೋಡಿದ ರೀತಿಯಲ್ಲಿ ಇಷ್ಟು ವರ್ಷ ಇಲ್ಲದ ಮರ್ಯಾದೆಯಿತ್ತು. ಒಬ್ಬಳು ಹಾದು ಹೋಗುವಾಗ, ‘ನೀವಾದ್ರೂ ಹೇಳಿದ್ರಲ್ಲ ಸಾರು,’ ಎಂದಳು. ಆಫೀಸಿನ ಬಾಗಿಲಲ್ಲಿ ಬೀಗ ಹಿಡಿದು ನಿಂತಿದ್ದ ಸೌಮ್ಯ ಅವನ ಮುಖ ನೋಡಲಿಲ್ಲ. ಅವಳು ಬೀಗವನ್ನೇ ನೋಡುತ್ತಿದ್ದಳು. ಅವಳು ಹೇಳಿಬಿಡಬಹುದು ಎಂದು ಅವನಿಗೆ ಹೆದರಿಕೆಯಾಯಿತು. ಹೇಳಲಿ ಎಂದೂ ಅನ್ನಿಸಿತು. ಅವಳು ಹೇಳಲಿಲ್ಲ, ಅವಳಿಗೂ ಮುಂದಿನ ತಿಂಗಳು ಕೆಲಸ ಬೇಕಿತ್ತು.

ಅವನು ಆಫೀಸಿನೊಳಗೆ ಬ್ಯಾಗು ತೆಗೆದುಕೊಳ್ಳಲು ಹೋದಾಗ ಪುಟ್ಟಯ್ಯ ಹಿಂದೆಯೇ ಬಂದ. ಹೊಸ್ತಿಲಾಚೆಯೇ ನಿಂತ. ಟವೆಲು ಹೆಗಲ ಮೇಲಿರಲಿಲ್ಲ, ಕೈಯಲ್ಲಿತ್ತು. ‘ಸಾರ್, ಒಂದ್ ಉಪ್ಕಾರ ಆಗ್ಬೇಕಿತ್ತು.’ ತರೀಕೆರೆಯಲ್ಲಿ ಒಂದು ಅಡಿಕೆ ಗೋಡೌನಿದೆ, ಅಲ್ಲಿ ಇನ್ನೂ ಡೀಸೆಲ್ ಗಾಡಿಯೇ ಇರುವುದು, ಓಡಿಸುವವನು ಬಿಟ್ಟುಹೋಗಿದ್ದಾನೆ. ತನ್ನ ಷಡ್ಡಕ ಲಕ್ಕಣ್ಣ ಅಲ್ಲಿ ಲೋಡಿಂಗಿಗೆ ಹೋಗುತ್ತಾನೆ. ಏನಾದೀತೋ ಎಂದು ಮಧ್ಯಾಹ್ನವೇ ಫೋನು ಮಾಡಿ ಕೇಳಿದ್ದಾಯಿತು. ನಾಳೆ ಎಂಟು ಗಂಟೆಗೆ ಬಂದು ಮ್ಯಾನೇಜರನ್ನು ಕಾಣಬೇಕಂತೆ, ಇನ್ನೂ ಇಬ್ಬರು ಬರುತ್ತಿದ್ದಾರಂತೆ. ಹಿಂದೆ ಕೆಲಸ ಮಾಡಿದ ಕಡೆಯಿಂದ ಒಂದು ಕಾಗದ ಇದ್ದರೆ ಇವನಿಗೇ ಆಗುತ್ತದಂತೆ. ‘ಹತ್ತೊಂಬತ್ ವರ್ಷ ಓಡ್ಸವ್ನೆ ಅಂತ, ನಿಮ್ ಕೈಲಿ ಎರಡ್ ಸಾಲು. ಇವತ್ತಿಂದು ಬರೀಬೇಕು ಅನ್ಸಿದ್ರೆ ಅದನ್ನೂ ಬರೀರಿ ಸಾರ್, ಬ್ಯಾಡ ಅನ್ನಲ್ಲ. ಮನೇಲಿ ಅವಳಿಗೆ ಇನ್ನೂ ಹೇಳಿಲ್ಲ.’ ಅವನು ಟವೆಲಿನ ಸಮೇತ ಎರಡೂ ಕೈ ಜೋಡಿಸಿದ.

ವಿಶ್ವನಾಥ್ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದವನು ನಿಂತ. ಮೂರು ದಿನದಿಂದ, ಅಲ್ಲ, ಆರು ವರ್ಷದಿಂದ ಕಾದದ್ದು ಹೊಸ್ತಿಲಿನಾಚೆ ಕೈ ಮುಗಿದು ನಿಂತಿತ್ತು. ಇಷ್ಟು ಹತ್ತಿರದಿಂದ ಅವನು ಆ ಕೈಗಳನ್ನು ನೋಡಿರಲಿಲ್ಲ. ಉಗುರಿನ ಸಂದಿಯಲ್ಲಿ ಗ್ರೀಸಿತ್ತು. ಇದು ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ, ತಾನು ಇನ್ನೊಬ್ಬನಾಗುತ್ತೇನೆ, ಒಳ್ಳೆಯವನಾಗುತ್ತೇನೆ ಎಂದುಕೊಂಡಿದ್ದ. ಎರಡು ಸಾಲು. ಬರೆಯದಿರುವುದಕ್ಕೆ ಅವನಿಗೆ ಒಂದು ಕಾರಣವೂ ಇರಲಿಲ್ಲ, ಹುಡುಕಿದರೂ ಸಿಗಲಿಲ್ಲ. ‘ಎರಡ್ ನಿಮ್ಷದ ಕೆಲ್ಸ ಸಾರ್,’ ಎಂದಳು ಸೌಮ್ಯ ಹಿಂದಿನಿಂದ, ‘ಕಂಪ್ಯೂಟರ್ ಇನ್ನೂ ಆರ್ಸಿಲ್ಲ. ನಾನೇ ಹೊಡ್ಕೊಡ್ತೀನಿ, ನೀವು ಸೈನ್ ಹಾಕಿ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನನ್ನು ಯಾವುದರಿಂದಲೋ ಎಳೆದು ಹಿಡಿಯುವಂತೆ ಹೇಳಿದಳು. ಅವನು ಇಬ್ಬರನ್ನೂ ನೋಡಿದ. ಈ ಕಾಗದ ಕೊಟ್ಟರೆ ಪುಟ್ಟಯ್ಯ ಮಡಿಸಿ ಜೇಬಿನಲ್ಲಿಟ್ಟುಕೊಂಡು ಸಂಜೆಯ ರೈಲು ಹತ್ತುತ್ತಾನೆ, ಕೈಗಳು ಮತ್ತೆ ಟವೆಲು ಕೊಡವುವ ಕೈಗಳಾಗುತ್ತವೆ. ಅವು ಹಾಗೇ ಇರಲಿ ಎನ್ನಿಸಿತು. ಇನ್ನು ಸ್ವಲ್ಪ ಹೊತ್ತು.

‘ಬಾಗ್ಲು ಹಾಕಮ್ಮ, ನಿನ್ ಬಸ್ಸು ತಪ್ತದೆ,’ ಎಂದ ಸೌಮ್ಯಳಿಗೆ. ಆಮೇಲೆ ಹೊಸ್ತಿಲಿನ ಕಡೆ ತಿರುಗಿ, ‘ಇದೆಲ್ಲ ಹಂಗೆ ನಿಂತ್ಕೊಂಡು ಬರ್ಯೋದಲ್ಲ. ನಾಳೆ ಬಾ.’

ಪುಟ್ಟಯ್ಯ ಕೈ ಇಳಿಸಲಿಲ್ಲ. ‘ನಾಳೆ ಎಂಟಕ್ಕೇ ಅಲ್ಲಿರ್ಬೇಕಲ್ಲ ಸಾರ್. ಬೆಳಿಗ್ಗೆ ಆರಕ್ಕೇ ನಿಮ್ಮನೆತಾವ ಬಂದ್ಬಿಡ್ಲಾ? ಎಷ್ಟೊತ್ಗೆ ಬರ್ಲಿ, ಹೇಳಿ.’

‘ಹತ್ತೂವರೆ ಮೇಲೆ ಬಾ. ಇಲ್ಲಿಗೇ,’ ಎಂದ ವಿಶ್ವನಾಥ್.

ಪುಟ್ಟಯ್ಯನಿಗೆ ಕೇಳಿಸಲಿಲ್ಲ. ಅವನು ಹೊಸ್ತಿಲಿಗೆ ಬಗ್ಗಿ ಕಿವಿಯನ್ನು ಮುಂದಕ್ಕೆ ತಂದ. ವಿಶ್ವನಾಥ್ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಅದೇ ಮಾತನ್ನು ಇಡೀ ಗೋಡೌನಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದ.